ಮೇಡಂ ಯಂತ್ರದ ವಿರುದ್ಧ ನಾನು ಮಾಡಿದ ಭಾಷಣ

ಅಜ್ಜಂಪುರದಿಂದ ಬೀರೂರಿಗೆ ಬರುವ ರೈಲಿನಲ್ಲಿ ಈ ಬೆಳಿಗ್ಗೆ ನನ್ನೆದುರು ಕೂತಿದ್ದ ಹೆಂಗಸೊಬ್ಬರು ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬೋಗಿಯ ತುಂಬ ಸೊಗಡು. ಆ ವಾಸನೆಗೆ ಬೇರೆಯವರಿಗೆ ಹಿತಕಿದ ಬೇಳೆ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ನಾನು ಸೋತ ಒಂದು ಸಭೆ. ಸೋತೆ ಎಂದರೂ ತಪ್ಪೇ. ಗೆದ್ದೆ, ಆದರೆ ಎದುರಾಳಿಯ ಪರವಾಗಿ.

ಇದು ನಿಮಗೆ ಅರ್ಥವಾಗಬೇಕಾದರೆ ನಾನು ಎಂಥವಳೆಂದು ಹೇಳಬೇಕು. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ಒಂದು ಸೂತ್ರ ಕೊಟ್ಟಿದ್ದರು: "ಎದುರು ಕಡೆಯವನ ವಾದಾನ ಅವನಿಗಿಂತ ಚೆನ್ನಾಗಿ ನೀನೇ ಮೊದ್ಲು ಹೇಳ್ಬಿಡು ಕಣೇ. ಆಮೇಲೆ ಒಂದೊಂದಾಗಿ ಕಡಿ." ಈ ಸೂತ್ರದಿಂದ ತರೀಕೆರೆ, ಕಡೂರುಗಳಲ್ಲಿ ಎಷ್ಟೋ ಸ್ಟೀಲ್ ಲೋಟ ಗೆದ್ದೆ, ನಮ್ಮ ಮನೆಯಲ್ಲಿ ಇಂದಿಗೂ ನೆಂಟರಿಗೆ ಕಾಫಿ ಕೊಡುವುದು 'ದ್ವಿತೀಯ ಬಹುಮಾನ'ದಲ್ಲಿ. ವಾದದ ಚಟ ಮನೆಯಲ್ಲೂ ಬಿಡಲಿಲ್ಲ. ನನಗೆ ಜ್ವರ ಬಂದಾಗ ಅಜ್ಜಿ ಅಂತರಘಟ್ಟಮ್ಮನಿಗೆ ಹರಕೆ ಹೊತ್ತಿದ್ದರು. ಜ್ವರ ಬಿಟ್ಟ ಮೇಲೆ, "ಹೊರದೇ ಇದ್ದಿದ್ರೂ ಜ್ವರ ಇಳೀತಿತ್ತು ಅಂದ್ರೆ ಏನಂತೀಯ?" ಎಂದು ಕೇಳಿದೆ. "ಅಮ್ಮ ನಿನ್ ಬಾಯೊಂದು ಬಿಟ್ಟು ಮಿಕ್ಕಿದ್ದೆಲ್ಲಾ ವಾಸಿ ಮಾಡವ್ಳೆ ಅಂತೀನಿ, ಹೋಗೇ" ಎಂದರು.

ಎಂ.ಎಸ್ಸಿ. ಮುಗಿಸಿ ಕಡೂರಿನ ಒಂದು ಕಾಲೇಜಿನಲ್ಲಿ ಸುನಂದಾ ಮೇಡಂ ಕೈಕೆಳಗೆ ಸಂಶೋಧನೆಗೆ ಸೇರಿದೆ. ಮೇಡಂ ಕೆಲಸ ಅವರೆಕಾಳಿನ ಮೇಲೆ. ಅದರಲ್ಲಿರುವ ಒಂದು ಪ್ರೋಟೀನು ಕ್ಯಾನ್ಸರ್ ಕೋಶಗಳ ಮೈಗೆ ಅಂಟಿಕೊಳ್ಳುತ್ತದೆಯೇ, ಅಂಟಿದರೆ ಆ ಕೋಶಗಳನ್ನು ಗುರುತು ಹಿಡಿಯಲು ನೆರವಾದೀತೇ ಎಂಬುದಷ್ಟೇ ಪ್ರಶ್ನೆ. ತಕ್ಷಣ ಸಂತೆಗೆ ಓಡಬೇಡಿ. ಅವರೆಕಾಳು ತಿಂದರೆ ಕ್ಯಾನ್ಸರ್ ಬರುವುದಿಲ್ಲವೆಂದು ನಾನು ಹೇಳಿಲ್ಲ. ಹಾಗೆ ಹೇಳುವವರು ಸಿಕ್ಕರೆ ನನ್ನ ಹತ್ತಿರ ಕಳಿಸಿ.

ಪ್ರೋಟೀನನ್ನು ಪರೀಕ್ಷಿಸುವ ಮೊದಲು ಉಳಿದೆಲ್ಲದರಿಂದ ಬೇರ್ಪಡಿಸಬೇಕು. ಮೇಡಂ ಅದನ್ನು ವರ್ಷಗಳಿಂದ ಕೈಯಲ್ಲೇ ಮಾಡುತ್ತಿದ್ದರು. ಉದ್ದನೆಯ ಗಾಜಿನ ಕೊಳವೆ, ಅದರೊಳಗೆ ಸಣ್ಣ ಮಣಿಗಳ ಕೆಸರು, ಕೆಳಗೆ ಸಾಲು ಟೆಸ್ಟ್ ಟ್ಯೂಬು. ಹನಿ ಎಣಿಸುತ್ತ, ಟ್ಯೂಬು ಬದಲಿಸುತ್ತ, ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ದಿನವಿಡೀ ಕೂರಬೇಕು. ಇದನ್ನೇ ಯಂತ್ರಕ್ಕೆ ವಹಿಸಿದರೆ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ. ಹೆಸರಿಗೆ ಹೆದರಬೇಡಿ, ಬೀರೂರು ಜಂಕ್ಷನ್ ನೋಡಿದವರಿಗೆ ಅದು ಗೊತ್ತಿರುವುದೇ. ಒಂದೇ ರೈಲಿನಿಂದ ಇಳಿದವರೆಲ್ಲ ಗೇಟಿನಿಂದ ಒಟ್ಟಿಗೆ ಹೊರಬರುವುದಿಲ್ಲ. ಕೈಬೀಸಿಕೊಂಡು ಬಂದವನು ಮೊದಲು, ಟೀ ಅಂಗಡಿಗೆ ಅಂಟಿಕೊಂಡವನು ಆಮೇಲೆ, ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸುವ ನಮ್ಮ ಚಿಕ್ಕಪ್ಪ ಎಲ್ಲರಿಗಿಂತ ಕೊನೆ. ಪ್ರೋಟೀನುಗಳೂ ಹಾಗೆಯೇ. ಯಂತ್ರದ ಪಂಪು ಅವನ್ನು ಕೊಳವೆಯೊಳಗೆ ತಳ್ಳುತ್ತದೆ. ಆಚೆ ತುದಿಯಲ್ಲಿ ಕೂತ ಕಣ್ಣು ಯಾರು ಯಾವಾಗ ಬಂದರೆಂದು ಗೆರೆ ಎಳೆಯುತ್ತದೆ. ಒಬ್ಬನೇ ಬಂದರೆ ಗೆರೆ ಒಂದೇ ಸಲ ಬೆಟ್ಟದಂತೆ ಏರಿ ಇಳಿಯುತ್ತದೆ.

ಮೇಡಂಗೆ ಬೇಕಾಗಿದ್ದದ್ದು ಆ ಒಂದು ಬೆಟ್ಟ. ತಾವು ಇಷ್ಟು ವರ್ಷ ಬೇರ್ಪಡಿಸಿ ಇಟ್ಟಿರುವುದು ಒಂದೇ ಪ್ರೋಟೀನು ಎಂಬುದು ಅವರ ನಂಬಿಕೆ. ಯಂತ್ರ ತೋರಿಸದ ಹೊರತು ಹೊರಗಿನವರು ಯಾರೂ ಅದನ್ನು ಒಪ್ಪುವಂತಿರಲಿಲ್ಲ.

ಯಂತ್ರ ಕೊಳ್ಳುವ ವಿಷಯ ಕಾಲೇಜಿನ ಆಡಳಿತ ಮಂಡಳಿಯ ಮುಂದೆ ಬಂತು. ಮೇಡಂ ದನಿ ಮೂರನೇ ಬೆಂಚಿಗೂ ತಲುಪುವುದಿಲ್ಲ. "ನೀನೇ ಮಾತಾಡೇ, ನಿಂಗೆ ಬಾಯಿದೆ" ಎಂದರು. ಬಹುಮಾನದ ಲೋಟ ಕೈಗೆ ಬಂದವಳಂತೆ ಹೋದೆ.

ಮೇಷ್ಟ್ರ ಸೂತ್ರದ ಪ್ರಕಾರ ಯಂತ್ರ ಯಾಕೆ ಬೇಡ ಎಂಬಲ್ಲಿಂದಲೇ ಶುರುಮಾಡಿದೆ. ಇಲ್ಲಿ ಕರೆಂಟು ಯಾವಾಗ ಹೋಗುತ್ತದೋ ತಿಳಿಯದು. ಕೆಟ್ಟರೆ ಎಂಜಿನಿಯರು ಬೆಂಗಳೂರಿನಿಂದ ಬರಬೇಕು. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಒಳಗಿನ ಸೂಕ್ಷ್ಮ ನಳಿಗೆಗಳನ್ನು ಕಟ್ಟಿಬಿಡುತ್ತದೆ. ನಡೆಸಲು ಕಲಿತವಳು ಮದುವೆಯಾಗಿ ಹೋದರೆ ಯಂತ್ರ ಅನಾಥ. ಕಡೆಗೆ ಅದು ಹೊದಿಕೆ ಹೊದ್ದು ಮೂಲೆಯಲ್ಲಿ ಕೂತು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಕುಂಕುಮ ಇಡಿಸಿಕೊಳ್ಳಲು ಮುಖ ತೋರಿಸುತ್ತದೆ. "ಇಷ್ಟೆಲ್ಲ ಆಗಿ, ಮೇಡಂ ಪ್ರೋಟೀನು ಒಂದಲ್ಲ, ಎರಡು ಎಂದು ಅದು ತೋರಿಸಿದರೆ?" ಎಂದು ಕೇಳಿ ಸುಮ್ಮನೆ ನಿಂತೆ. ಕಡಿಯುವ ಮೊದಲು ಹೀಗೆ ಒಂದು ಕ್ಷಣ ನಿಲ್ಲುವುದು ಪದ್ಧತಿ.

ಸ್ಪರ್ಧೆಯಲ್ಲಾದರೆ ತೀರ್ಪುಗಾರರಿಗೆ ಆ ಪದ್ಧತಿ ಗೊತ್ತು. ನಮ್ಮ ಅಧ್ಯಕ್ಷರಾದ ರಂಗಪ್ಪನವರು ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು. ಅರ್ಜಿ ಹಾಕಿದವರೇ ಬೇಡವೆಂದ ಮೇಲೆ ಕಡತ ಮುಚ್ಚುವುದು ಅವರ ಪದ್ಧತಿ.

"ಎಂಥಾ ಪ್ರಾಮಾಣಿಕ ಹುಡ್ಗಿ ಕಣ್ರೀ! ಹಂಗಾದ್ರೆ ಬ್ಯಾಡ ಬಿಡಿ."

"ಸಾರ್, ನಾನಿನ್ನೂ ಮುಗಿಸಿಲ್ಲ..."

"ಮುಗಿಸೋದ್ಯಾಕವ್ವಾ, ಅರ್ಥ ಆಯ್ತಲ್ಲ. ಕಾಫಿ ಕುಡಿ."

ಕಾಫಿ ಬಂತು. ಸ್ಟೀಲ್ ಲೋಟದಲ್ಲಿ.

ಹೊರಗೆ ಬಂದ ಮೇಲೆ ಮೇಡಂ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬೈಯಲಿ ಎಂದು ಕಾದೆ. ಅವರು ಚೀಲದಿಂದ ನೋಟ್‌ಬುಕ್ ತೆಗೆದರು.

"ಇನ್ನೊಂದ್ಸಲ ಹೇಳು, ಬರ್ಕೋತೀನಿ."

"ಏನ್ ಮೇಡಂ?"

"ಬೇಡ ಅಂದ್ಯಲ್ಲ, ಅದನ್ನೇ. ನಂಗೆ ಇಷ್ಟೆಲ್ಲ ಹೊಳೆದೇ ಇರ್ಲಿಲ್ಲ ಕಣೇ."

ಕುಟುಕುತ್ತಿದ್ದಾರೆ ಎಂದುಕೊಂಡೆ. ಅವರು ನಿಜಕ್ಕೂ ಬರೆದುಕೊಂಡರು. ಆರು ಆಕ್ಷೇಪಣೆಗೆ ಆರು ಪುಟ. ಮುಂದಿನ ಎರಡು ತಿಂಗಳು ಕರೆಂಟು ಹೋದ ಹೊತ್ತು, ಬಂದ ಹೊತ್ತು ಗುರುತು ಹಾಕಿ, ಎಷ್ಟು ದೊಡ್ಡ ಬ್ಯಾಟರಿ ಬೇಕೆಂದು ಲೆಕ್ಕ ಹಾಕಿದರು. ನೀರನ್ನು ಸೋಸುವ ಏರ್ಪಾಡು ವಿಚಾರಿಸಿದರು. ಕೇಳಿದ್ದ ದೊಡ್ಡ ಯಂತ್ರ ಬಿಟ್ಟು, ತಾವೇ ಬಿಚ್ಚಿ ಜೋಡಿಸಬಹುದಾದ ಚಿಕ್ಕದನ್ನು ಹುಡುಕಿದರು. ಅಂಥದೊಂದು ಇರುವ ಲ್ಯಾಬಿಗೆ ನನ್ನನ್ನೂ ಎಳೆದುಕೊಂಡು ಹೋದರು. ಪಂಪು ಬಿಚ್ಚುವುದನ್ನು ಅವರು ಕಲಿತರು, ಜೋಡಿಸುವುದನ್ನು ನಾನು. ಎರಡರಲ್ಲಿ ಯಾವುದು ಕಷ್ಟವೆಂದು ಬೇಕಾದರೆ ವಾದಿಸೋಣ.

ಎರಡನೆಯ ಸಭೆಯಲ್ಲಿ ಮೇಡಂ ತಾವೇ ಮಾತಾಡಿದರು. ನನ್ನ ಪಾಲಿಗೆ ಫೈಲು ಹಿಡಿಯುವ ಕೆಲಸ. "ಸ್ವಲ್ಪ ಜೋರಾಗಿ ಹೇಳಿ ಮೇಡಂ" ಎಂದರು ರಂಗಪ್ಪನವರು. ಮೇಡಂಗೆ ಇರುವುದೇ ಅಷ್ಟು ದನಿ. ಕಡೆಗೆ ರಂಗಪ್ಪನವರೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು; ಉಳಿದವರೂ ಎಳೆದುಕೊಂಡರು. ಮೇಡಂ ನನ್ನ ಆಕ್ಷೇಪಣೆಗಳನ್ನು ಒಂದೊಂದಾಗಿ ಓದಿ, ಒಂದೊಂದಕ್ಕೂ ತಾವು ಮಾಡಿಕೊಂಡ ಸಿದ್ಧತೆ ಹೇಳುತ್ತ ಹೋದರು. ಐದನೆಯದಕ್ಕೆ ಬಂದಾಗ, "ಹೊದಿಕೇನ ಖರೀದಿ ಪಟ್ಟಿಯಿಂದ ತೆಗೆಸಿದೀನಿ ಸಾರ್. ಮುಚ್ಚಿಡೋಕೆ ಪುರುಸೊತ್ತಿರಲ್ಲ" ಎಂದರು. ಎಲ್ಲರೂ ನಕ್ಕರು.

ಆರನೆಯದನ್ನು ರಂಗಪ್ಪನವರೇ ಕೇಳಿದರು: "ಎರಡು ಅಂತ ತೋರಿಸ್ಬಿಟ್ರೆ ಏನ್ ಮಾಡ್ತೀರಿ?"

"ತೋರಿಸ್ಲಿ ಸಾರ್. ಅದಕ್ಕೇ ಕೇಳ್ತಿರೋದು."

ರಂಗಪ್ಪನವರು ನನ್ನ ಕಡೆ ತಿರುಗಿದರು. "ಏನವ್ವಾ, ಅವತ್ತು ಮುಗಿಸಿಲ್ಲ ಅಂತಿದ್ದೆ. ಈಗೇನಂತೀಯ?"

"ಮುಗೀತು ಸಾರ್" ಎಂದೆ.

ಯಂತ್ರ ಬಂತು. ನೋಡಲು ಅಂಥ ವಿಶೇಷವೇನಿಲ್ಲ, ಬೀರು ಮೇಲಿಡುವ ಟ್ರಂಕಿನಷ್ಟು. ಮೇಡಂ ಪ್ರೋಟೀನನ್ನು ಮೊದಲ ಸಲ ಒಳಗೆ ಬಿಟ್ಟು ಇಬ್ಬರೂ ಪರದೆಯ ಮುಂದೆ ಕೂತೆವು. ಗೆರೆ ನೆಟ್ಟಗೆ ಹೋಯಿತು, ಏರಿತು, ಇಳಿಯಿತು. ಮೇಡಂ ಉಸಿರು ಬಿಟ್ಟರು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಆಗ ಗೆರೆ ಮತ್ತೆ ಏರತೊಡಗಿತು. ಚಿಕ್ಕದೇ, ಆದರೆ ಅನುಮಾನಕ್ಕೆ ಜಾಗವಿಲ್ಲದ ಇನ್ನೊಂದು ಬೆಟ್ಟ. ನೀರಿನದೋ ನಳಿಗೆಯದೋ ದೋಷವಿರಬಹುದು ಎಂದು ನಾನು ಹತ್ತು ಕಾರಣ ಹೇಳಿದೆ. ಮೇಡಂ ಇನ್ನೆರಡು ಸಲ ಓಡಿಸಿದರು. ಎರಡು ಸಲವೂ ಇಬ್ಬರೇ ಬಂದರು. ಸಭೆಯಲ್ಲಿ ಆ ಮಾತು ಆಡಿದ್ದ ನಾಲಿಗೆಯನ್ನು ಕಚ್ಚಿಕೊಂಡು ಕೂತೆ.

"ಇಷ್ಟು ವರ್ಷ ಒಬ್ಬನೇ ಅಂದ್ಕೊಂಡು ಮಾತಾಡಿಸ್ತಿದ್ನಲ್ಲೇ" ಎಂದು ಮೇಡಂ ನಕ್ಕರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಲು ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ ಹೇಳಿದರು: "ದೊಡ್ಡದು ನಂದು. ಚಿಕ್ಕದು ನಿಂದು. ಅದೇನು ಅಂತ ನೀನೇ ಕಂಡುಹಿಡಿ."

ಈ ದಿನ ಆ ಚಿಕ್ಕದನ್ನು ಮೊದಲ ಸಲ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಬೇಕು. ಅಂಟುತ್ತದೆ ಎಂದು ನಾನು ವಾದಿಸಬಲ್ಲೆ. ಅಂಟುವುದಿಲ್ಲ ಎಂದು ಇನ್ನೂ ಚೆನ್ನಾಗಿ ವಾದಿಸಬಲ್ಲೆ. ಎರಡನ್ನೂ ಬಾಯೊಳಗೇ ಇಟ್ಟುಕೊಂಡು ರೈಲಿಳಿದು ಕಡೂರಿನ ಬಸ್ಸಿಗೆ ಓಡಿದೆ. "ಒಳಗೆ ಬೇಕಾದಷ್ಟು ಜಾಗ ಐತೆ, ಹತ್ತಮ್ಮ" ಎಂದ ಕಂಡಕ್ಟರು. ಕಾಲಿಡಲು ಜಾಗವಿರಲಿಲ್ಲ. ಮಾತಾಡದೆ ಹತ್ತಿದೆ.