ಸಮಯ ಸಮ ಮಾಡಿಕೊಂಡ ಎದುರಾಳಿ

ವರಾಂಡದಲ್ಲಿ ಅಜ್ಜಿಯ ಮಡಿಲಲ್ಲಿದ್ದ ಕೂಸು ಅಳತೊಡಗಿತು. ನನ್ನ ಎದುರಾಳಿ ರೇಷ್ಮಾ ಕುದುರೆ ನಡೆಸಿ, ಗಡಿಯಾರ ಒತ್ತಿ, ಹಾಲು ಕೊಡಲು ಎದ್ದು ಹೋದರು. ಚಿತ್ರದುರ್ಗದಲ್ಲಿ ನಡೆದ ತಂಡಗಳ ಚೆಸ್ ಪಂದ್ಯಾವಳಿ ಅದು. ಅವರ ಹಿರಿಯೂರು, ನಮ್ಮ ಹೊಸದುರ್ಗ ಎರಡೂ ಸಮ ಅಂಕದಲ್ಲಿದ್ದವು. ನಮ್ಮಿಬ್ಬರ ಆಟವೊಂದೇ ಉಳಿದಿತ್ತು. ನನಗೆ ಒಳ್ಳೆಯ ನಡೆ ಹೊಳೆದಿತ್ತು. ಆದರೆ ನಾನು ಆಡಿ ಗಡಿಯಾರ ಒತ್ತಿದರೆ ಆ ತಾಯಿಯ ಸಮಯ ಓಡತೊಡಗುತ್ತದೆ. ಹಾಗಾಗಿ ಸುಮ್ಮನೆ ಕುಳಿತು ನನ್ನ ಸಮಯವನ್ನೇ ಕಳೆದೆ. ನಮ್ಮ ನಾಯಕಿ ದೂರದಿಂದ ಹಲ್ಲು ಕಡಿಯುತ್ತಿದ್ದರು.

ರೇಷ್ಮಾ ಬಂದು ಕುಳಿತ ಮೇಲೆ ಆನೆ ನಡೆಸಿದೆ. ಅವರು ಗಡಿಯಾರ ನೋಡಿ, "ನಂಗೋಸ್ಕರ ಕಾಯ್ತಾ ಕುಂತಿದ್ರೇನಕ್ಕ?" ಎಂದು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಕೈಕಟ್ಟಿ ಕುಳಿತುಬಿಟ್ಟರು. ತಮ್ಮ ಸಮಯವೂ ನನ್ನದರಷ್ಟೇ ಉಳಿಯುವವರೆಗೆ ಕಾಯಿ ಮುಟ್ಟಲಿಲ್ಲ.

"ಈಗ ಸಮ ಐತೆ. ಆಡಾಣ ಬರ್ರಿ."

ಉಳಿದಿದ್ದ ಸ್ವಲ್ಪ ಸಮಯದ ಅವಸರದಲ್ಲಿ ನನ್ನ ಮಂತ್ರಿಯನ್ನು ಕಳೆದುಕೊಂಡು ಸೋತೆ. ತಂಡವೂ ಸೋತಿತು. ಬಸ್ಸಿನಲ್ಲಿ ನಾಯಕಿ ನನ್ನಿಂದ ದೂರದ ಸೀಟಿನಲ್ಲಿ ಹೋಗಿ ಕುಳಿತರು.

ಸೋಲಿನ ಬೇಸರ ಕೆಲವೇ ದಿನಗಳಲ್ಲಿ ಹೋಯಿತು. ಆದರೆ ಯಾರಿಗಾದರೂ ಉಪಕಾರ ಮಾಡಲು ಹೊರಟಾಗ, ಅದು ಅವರಿಗೆ ಬೇಕೋ ಬೇಡವೋ ಎಂದು ಈಗ ಮೊದಲು ಕೇಳುತ್ತೇನೆ.