ಹುಣಸೆ ಮರದೊಳಗಿನ ಮೊಳೆ

ಮರ ಕೊಯ್ಯುವವನು ಮೆಷಿನ್ನಿನ ಹಗ್ಗ ಎಳೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾನೆ. ಹೆಡತಲೆ ಊರಿನ ನಮ್ಮಣ್ಣನ (ದೊಡ್ಡಪ್ಪನ ಮಗ) ಹಿತ್ತಲಲ್ಲಿ ಮೊನ್ನೆ ಭಾನುವಾರ ಮಹದೇವನೂ ಕೇಳಿದ.

“ಮರದೊಳ್ಗೆ ಮೊಳೆಗಿಳೆ ಅವಾ ಯಜಮಾನ್ರೇ?”

“ಏನೂ ಇಲ್ಲ, ಕುಯ್ಲಾ,” ಎಂದರು ಅಣ್ಣ, ಕುರ್ಚಿಯಿಂದ ಏಳದೆ.

ಮಾಲ್‌ಗೆ ಹೋದರೆ ನಮ್ಮ ಸೊಂಟಕ್ಕೆ ಮೆಟಲ್ ಡಿಟೆಕ್ಟರ್ ಹಿಡಿಯುತ್ತಾರೆ. ಮರಕ್ಕೆ ಆ ಮರ್ಯಾದೆ ಇಲ್ಲ. ಅದರ ಮಟ್ಟಿಗೆ ಯಜಮಾನನ ಮಾತೇ ಡಿಟೆಕ್ಟರ್.

ಜೆಸಿಬಿ ಬೇರುಸಮೇತ ಉರುಳಿಸಿದ್ದ ಹಳೆಯ ಹುಣಸೆ. ಮಹದೇವ ತುದಿಯಿಂದ ಬುಡದತ್ತ ತುಂಡು ಹಾಕುತ್ತ ಬಂದ. ನಾವು ತಲೆ ನರೆತ ನೆಂಟರು ಜಗಲಿ ಮೇಲೆ ಕೂತು ಉಸ್ತುವಾರಿ ವಹಿಸಿದ್ದೆವು. (ನಿವೃತ್ತರಿಗೆ ಬೇರೆಯವರ ಕೆಲಸ ನೋಡುವುದೇ ಕೆಲಸ.)

ಅರ್ಧ ಮರ ಮುಗಿದಿತ್ತು. ಕಿರ್ರೆಂದು ಸದ್ದು, ಕಿಡಿ. ಗರಗಸದ ಚೈನ್ ಕಡಿದು ಹಾರಿತು. ಅದರ ಚೂರೊಂದು ಮಹದೇವನ ಕೆನ್ನೆ ಸೀಳಿತು, ಕಣ್ಣಿನಿಂದ ಒಂದು ಬೆರಳು ಕೆಳಗೆ. ಕೊಯ್ದ ಜಾಗದಲ್ಲಿ ಮರ ಕಪ್ಪಾಗಿತ್ತು. ನಡುವೆ ದಪ್ಪನೆಯ ಮೊಳೆ.

ನಂಜನಗೂಡಿನ ಆಸ್ಪತ್ರೆಗೆ ಹೋಗೋಣವೆಂದರೆ ಅವನು ಕೇಳಲಿಲ್ಲ. ಕೆನ್ನೆಗೆ ಟವೆಲ್ ಬಿಗಿದು, ಬೇರೆ ಚೈನ್ ಹಾಕಿ, ಇನ್ನೂ ಇವೆಯೇ ಎಂದ. ಅಣ್ಣ ಮತ್ತೆ ಇಲ್ಲವೆಂದರು. ನಾನು ಹಿರಿಯರ ಮುಖ ನೋಡಿದೆ. ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ತಮ್ಮ ಚಪ್ಪಲಿ. ಏನೂ ಗೊತ್ತಿಲ್ಲದವರು ಚಪ್ಪಲಿಯನ್ನು ಅಷ್ಟು ಹೊತ್ತು ನೋಡುತ್ತಾರೆಯೇ?

ಮೆಷಿನ್ ಶುರುವಾಗುವಷ್ಟರಲ್ಲಿ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅಡುಗೆಮನೆಯಿಂದ ಬಂದರು.

“ನಿಲ್ಸಪ್ಪ. ಇನ್ನೆರಡವೆ.”

“ಎಲ್ಲವ್ವಾ?”

ಅವರು ಬುಡದ ಕಡೆ ಹೋಗಿ, ಮರ ನಿಂತಿದ್ದಾಗಿನ ಮಣ್ಣಿನ ಗುರುತಿದ್ದಲ್ಲಿಗೆ ಪಾದ ಕೊಟ್ಟು, ದಿಮ್ಮಿಗೆ ಒತ್ತಿಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗಿದರು.

“ನನ್ನ ತಲೆ ಎಲ್ಲಿಗೆ ಬತ್ತದೋ ಅಲ್ಲಿ. ಮದ್ವೆಯಾದ ವರ್ಸ ಇವ್ರ ಏಟು ತಡ್ಕಳಕ್ಕಾಗ್ದೆ ತೌರಿಗೆ ಓಡೋಗ್ಬುಟ್ಟೆ. ದೆವ್ವ ಮೆಟ್ಕಂಡದೆ ಅಂದ್ರು. ನಿಂಗೆ ಸಿಕ್ಕಿದ ಮೊಳೆ ದೆವ್ವಕ್ಕಂತೆ. ಇವೆರಡು ನನ್ನ ಜಡೆ ಸೇರ್ಸಿ ಒಡುದ್ದು.”

ನಿಮ್ಮೂರಲ್ಲಿ ಹೇಗೋ, ನಮ್ಮ ಕಡೆ ಅಂಥದ್ದೊಂದು ಪದ್ಧತಿಯಿತ್ತು. ಹೆಂಗಸನ್ನು ಮರಕ್ಕೆ ಒರಗಿಸಿ, ಕೂದಲಿಗೆ ಮೊಳೆ ಜಡಿದು, ಆಮೇಲೆ ಕೂದಲು ಕತ್ತರಿಸಿ ಬಿಡಿಸುವುದು. ದೆವ್ವ ಮರಕ್ಕೆ, ಹೆಂಗಸು ವಾಪಸ್ಸು ಗಂಡನ ಮನೆಗೆ. ಎಷ್ಟು ಚೊಕ್ಕ ನ್ಯಾಯ!

ಜಗಲಿಯ ಹಿರಿಯರಿಗೆಲ್ಲ ಇದು ಗೊತ್ತಿತ್ತು. (ನನ್ನ ಕಿವಿಗೆ ಬಿದ್ದದ್ದು, ಅತ್ತಿಗೆಗೆ ಹಿಂದೆ ಹುಷಾರಿರಲಿಲ್ಲ ಎಂದಷ್ಟೆ.) ಆದರೆ ಮೊಳೆ ಇದೆ ಎಂದರೆ ಯಾಕಿದೆ ಎಂದೂ ಹೇಳಬೇಕಾಗುತ್ತದಲ್ಲ? ಅದಕ್ಕಿಂತ ಕೂಲಿಯವನ ಒಂದು ಕಣ್ಣು ಹೋಗುವುದು ಅಗ್ಗ.

ಮಹದೇವ ಮೊಣಕಾಲೂರಿ, ಅವರ ತಲೆಯ ನೇರಕ್ಕೆ ದಿಮ್ಮಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

ಅಣ್ಣ ಕೆಮ್ಮಿದರು. “ಸಾಕು ಏಳು. ಎಲ್ರಿಗೂ ಕಾಫಿ ಕಾಸು.”

ಅತ್ತಿಗೆ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಒಳಗೆ ಹೋದರು.

ಕಾಫಿ ಬಂತು. ಬೇಡವೆಂದವನು ಮಹದೇವನೊಬ್ಬನೇ. ಮಾನವಂತರಾದ ನಾವೆಲ್ಲ ಕುಡಿದೆವು.