ಬಿಸಿಲಿಗೆ ಇಟ್ಟ ಬೋರ್ಡುಗಳು

೧೯೭೧ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ ನಾನು ಸಾಲಿ ಬಿಟ್ಟೆ. ನಮ್ಮೂರು ಭೀಮಾ ದಂಡೆಯ ಸನ್ನತಿ. ಶಹಾಬಾದಿಗೆ ಬಂದು ಮೊದಲು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ, ಆಮೇಲೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದುಡಿದೆ. ೧೯೮೪ರಲ್ಲಿ, ಯಾರ ಶಿಫಾರಸೂ ಇಲ್ಲದೆ, ಸಿಮೆಂಟ್ ಚೀಲ ತೂಗುವ ಯಂತ್ರಗಳಿಗೆ ಕಂಟ್ರೋಲ್ ಬೋರ್ಡ್ ತಯಾರಿಸುವ ಸಣ್ಣ ಕಾರ್ಖಾನೆ ಸೇರಿದೆ. ಖಾಲಿ ಬೋರ್ಡಿಗೆ ಮೊದಲ ಪ್ರೋಗ್ರಾಂ ತುಂಬುವುದು ನನ್ನ ಕೆಲಸ.

ಹೊಸ ಬೋರ್ಡಿಗೆ ಕರೆಂಟ್ ಕೊಟ್ಟರೆ ಅದಕ್ಕೆ ಏನೂ ತಿಳಿಯದು. ಅದನ್ನು ಎಬ್ಬಿಸಿ, ಮುಂದಿನ ದೊಡ್ಡ ಪ್ರೋಗ್ರಾಂ ಒಳಗೆ ಕರೆದುಕೊಳ್ಳುವಂತೆ ಮಾಡಲು ಒಂದು ಚಿಕ್ಕ ಪ್ರೋಗ್ರಾಂ ಬೇಕು. ಅದೇ ಬೂಟ್‌ಲೋಡರ್. ಅದನ್ನು ಇಪಿರಾಮ್ ಎಂಬ ಚಿಪ್‌ನಲ್ಲಿ ತುಂಬಿ ಬೋರ್ಡಿಗೆ ಕೂಡಿಸುತ್ತಿದ್ದೆ. ಆ ಚಿಪ್‌ನ ಬೆನ್ನ ಮೇಲೆ ಕಾಜಿನ ಸಣ್ಣ ಕಿಟಕಿ ಇರುತ್ತದೆ. ತಪ್ಪು ತುಂಬಿದ್ದರೆ ಅಲ್ಟ್ರಾವಯಲೆಟ್ ದೀಪದ ಪೆಟ್ಟಿಗೆಯಲ್ಲಿ ಅರ್ಧ ತಾಸು ಇಟ್ಟರೆ ಸಾಕು, ಬೆಳಕು ಕಿಟಕಿಯಿಂದ ಒಳಹೊಕ್ಕು ಎಲ್ಲವನ್ನೂ ಅಳಿಸುತ್ತಿತ್ತು. ತುಂಬಿದ ಮೇಲೆ ಕಿಟಕಿಗೆ ಸ್ಟಿಕರ್ ಹಚ್ಚಿರಿ ಎಂದು ಹೈದರಾಬಾದಿನಲ್ಲಿ ಚಿಪ್ ತುಂಬುವ ಮಶೀನು ಮಾರಿದವರು ಹೇಳಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೋರ್ಡಿನ ನಂಬರ್ ಬರೆಯಲಿಕ್ಕೆ ಇರಬೇಕೆಂದುಕೊಂಡೆವು.

ಸೋಲ್ಡರಿಂಗ್ ಮತ್ತು ಕೊನೆಯ ವಾರ್ನಿಶ್ ಖಾಜಾ ಚಾಚಾ ಅವರದು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರ ಸೋಲ್ಡರ್ ಮುತ್ತು ಪೋಣಿಸಿದಂತೆ ಇರುತ್ತಿತ್ತು. ನನ್ನನ್ನು ಕಾಡಿಸದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. “ಭೀಮಣ್ಣ, ನಿನ್ನ ಮಶೀನು ಎರಡು ನಿಮಿಷದಾಗ ಬೋರ್ಡಿಗೆ ಬುದ್ಧಿ ಕಲಿಸ್ತದ. ನಿಮ್ಮ ಮಾಸ್ತರಗ ಏಳು ವರ್ಷ ಸಾಲಲಿಲ್ಲ ನೋಡು,” ಎನ್ನುತ್ತಿದ್ದರು. ಬೇರೆಯವರು ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆ ಎಂಟು ಬೋರ್ಡ್ ಕೇಳಿತು. ಇವು ಪಾಸಾದರೆ ಕಾಯಂ ಆರ್ಡರ್. ಚಾಚಾ ಆಗ ದಿನಗೂಲಿಯ ಮೇಲಿದ್ದರು. ಆರ್ಡರ್ ಬಂದರೆ ಅವರನ್ನು ಕಾಯಂ ಮಾಡುವೆನೆಂದು, ಬರದಿದ್ದರೆ ಕಾರ್ಖಾನೆಯನ್ನೇ ಹೈದರಾಬಾದಿಗೆ ಒಯ್ಯುವೆನೆಂದು ಮಾಲಕರು ಹೇಳಿದ್ದರು. ಹಾಸಿಗೆ ಹಿಡಿದ ಹೆಂಡತಿಯನ್ನು ಬಿಟ್ಟು ಚಾಚಾ ಎಲ್ಲಿಗೂ ಹೋಗುವಂತಿರಲಿಲ್ಲ.

ಎಂಟೂ ಬೋರ್ಡುಗಳನ್ನು ತುಂಬಿ, ಟೆಸ್ಟ್ ಮಾಡಿ ಚಾಚಾ ಅವರ ಕೈಗೆ ಕೊಟ್ಟೆ. ಸಿಮೆಂಟ್ ಧೂಳು ಹಿಡಿಯದಂತೆ ಈ ಸಲ ಎರಡು ಪದರು ವಾರ್ನಿಶ್ ಬೇಕಿತ್ತು. ಒಣಗಿಸಲು ಮಾಳಿಗೆಯ ಹಾಸುಗಲ್ಲಿನ ಮೇಲೆ ಇಡುವುದು ನಮ್ಮ ರೂಢಿ. ನಮ್ಮ ಕಡೆ ಬಿಸಿಲಿಗೇನು ಕೊರತೆ? ವಾರ್ನಿಶ್ ತಾಗಿ ಬರೆದದ್ದು ಕಲೆಯಾಗಬಾರದೆಂದು ಚಾಚಾ ಈ ಸಲ ಸ್ಟಿಕರ್‌ಗಳನ್ನು ಮೊದಲೇ ಬಿಡಿಸಿದರು. ನಂಬರ್ ಕಾಣದಂತೆ ಮಾಲು ಕಳಿಸಿದರೆ ಗಿರಾಕಿ ನಗುತ್ತಾನೆ ಎಂದರು. ನನಗೂ ಅದು ಸರಿ ಅನಿಸಿತು. ಲಾರಿ ತಡವಾದ್ದರಿಂದ ಬೋರ್ಡುಗಳು ಹತ್ತು ದಿನ ಅಲ್ಲೇ ಇದ್ದವು. ಆಮೇಲೆ ಚಾಚಾ ಹೊಸ ಸ್ಟಿಕರ್‌ಗಳ ಮೇಲೆ ದುಂಡನೆಯ ಅಕ್ಷರದಲ್ಲಿ ನಂಬರ್ ಬರೆದು ಹಚ್ಚಿದರು. ನೋಡಲು ಅಷ್ಟು ಚಂದದ ಮಾಲು ನಮ್ಮಲ್ಲಿಂದ ಅದುವರೆಗೆ ಹೋಗಿರಲಿಲ್ಲ.

ಸಿಮೆಂಟ್ ಕಾರ್ಖಾನೆಯಲ್ಲಿ ರಿಪೇರಿಗೆಂದು ಯಂತ್ರ ನಿಲ್ಲಿಸಿದ್ದು ಎರಡೇ ದಿನ. ಆ ವೇಳೆಯಲ್ಲೇ ನಮ್ಮ ಬೋರ್ಡ್ ಕೂಡಿಸಬೇಕು. ಮಾಲಕರು, ಚಾಚಾ, ನಾನು ಮೂವರೂ ಹೋದೆವು. ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸ್ವಿಚ್ ಒತ್ತಿದರೆ ಒಂದು ದೀಪವೂ ಹತ್ತಲಿಲ್ಲ. ಎರಡನೆಯ ಬೋರ್ಡ್ ಹಾಕಿದೆ, ಮೂರನೆಯದು ಹಾಕಿದೆ. ಎಂಟೂ ಹಾಗೆಯೇ. ಶಹಾಬಾದಿಗೆ ತಂದು ಚಿಪ್ ಓದಿಸಿದರೆ ಪೂರ್ತಿ ಕೋರಾ, ತುಂಬಿದ್ದು ಒಂದಕ್ಷರವೂ ಉಳಿದಿರಲಿಲ್ಲ.

ಮಾಲಕರು ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಿದರು. ಆ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ, ಬಿಸಿಲಿಗೆ ಇಟ್ಟಿದ್ದಿರಾ ಎಂದು. ನಮ್ಮ ಪೆಟ್ಟಿಗೆಯ ದೀಪ ಅರ್ಧ ತಾಸಿನಲ್ಲಿ ಮಾಡುವ ಕೆಲಸವನ್ನು ನೆತ್ತಿಯ ಮೇಲಿನ ಸೂರ್ಯ ವಾರದಲ್ಲಿ ಮಾಡುತ್ತಾನೆ. ಸ್ಟಿಕರ್ ಇದ್ದದ್ದು ಅದನ್ನು ತಡೆಯಲಿಕ್ಕೆ.

ಚಾಚಾ ಕುರ್ಚಿಯಿಂದ ಎದ್ದು ನಿಂತರು. “ಸ್ಟಿಕರ್ ತೆಗೆದಾಂವ ನಾನ್ರಿ. ಈ ಹುಡುಗಗ ಏನೂ ಅನಬ್ಯಾಡ್ರಿ,” ಎಂದರು. ಇಬ್ಬರೂ ಕೂಡಿಯೇ ಮಾಡಿದ್ದು ಎಂದು ನಾನು ಬಾಯಿ ತೆಗೆದೆ. ಅವರು ನನ್ನ ಕಡೆ ತಿರುಗಿ ಮೆಲ್ಲಗೆ, “ನೀ ಸುಮ್ನಿರು. ಮಶೀನು ನಡಸಾಂವ ನೀನು, ನಿನ್ನ ಕೆಲಸರೆ ಉಳೀಲಿ,” ಎಂದರು.

ಅಂದೇ ಎಂಟನ್ನೂ ಮತ್ತೆ ತುಂಬಿಕೊಂಡು ಹೋದೆವು. ಅಷ್ಟರಲ್ಲಿ ಸಿಮೆಂಟ್ ಕಾರ್ಖಾನೆಯವರು ಬೇರೆ ಕಂಪನಿಯ ಯಂತ್ರ ತರಿಸಿ ಕೂಡಿಸಲಿಕ್ಕೆ ಹತ್ತಿದ್ದರು. ದೀಪಾವಳಿಗೆ ಮುಂಚೆ ನಮ್ಮ ಕಾರ್ಖಾನೆ ಹೈದರಾಬಾದಿಗೆ ಹೋಯಿತು. ಜೊತೆಗೆ ನಾನೂ ಹೋದೆ. ಚಾಚಾ ಬಸ್‌ಸ್ಟ್ಯಾಂಡಿನ ಹತ್ತಿರ ಮತ್ತೆ ಗಡಿಯಾರದ ಮೇಜು ಹಾಕಿದರು. ಎರಡು ವರ್ಷದ ಮೇಲೆ ಶಹಾಬಾದಿಗೆ ಬಂದಾಗ ಅವರು ತೀರಿಕೊಂಡ ಸುದ್ದಿ ಪಕ್ಕದ ಹೂವಿನವಳು ಹೇಳಿದಳು.

ಆಮೇಲೆ ನಾನು ಎಷ್ಟೋ ಮಂದಿಗೆ ಈ ಕೆಲಸ ಕಲಿಸಿದೆ. ಹೀಗೆ ಮಾಡು ಎಂದು ಹೇಳಿ ಯಾವತ್ತೂ ಬಿಡಲಿಲ್ಲ. ಯಾಕೆ ಎಂಬುದನ್ನು ಅವರು ತಿರುಗಿ ಹೇಳುವ ತನಕ ಕೈಗೆ ಚಿಪ್ ಕೊಡುತ್ತಿರಲಿಲ್ಲ. ನಮಗೂ ಯಾರಾದರೂ ಅಷ್ಟು ಹೇಳಿದ್ದರೆ ಚಾಚಾ ಕಾಯಂ ಆಗುತ್ತಿದ್ದರು.

ಈಗ ನನಗೆ ಶಹಾಬಾದಿನಲ್ಲಿ ಎರಡು ಖೋಲಿಯ ಸ್ವಂತ ಮನೆ ಇದೆ. ಒಬ್ಬ ಮಗಳು, ಇಬ್ಬರು ಮೊಮ್ಮಕ್ಕಳು, ಒಂದು ಪಿಂಚಣಿ, ನಡೆಯುವ ಒಂದು ಸ್ಕೂಟರ್. ಖಾಜಾ ಚಾಚಾ ಅವರದೊಂದು ಫೋಟೋ ಇಲ್ಲ.